ಲಾಡ್ಜ್ ರೂಮಿನಲ್ಲಿ ಕೇಳಬೇಕಾದ ಆಲ್ಬಮ್

ನಾನು ಪವರ್ ಸ್ಪ್ರೇಯರ್ ಮಾರುವವನು. ಜೊತೆಗೆ ಹೋಸ್ ಪೈಪು, ನಾಜಲ್, ವಾಷರ್. ಮಳೆಗಾಲದಲ್ಲಿ ತೋಟಗಳಿಗೆ ಬೋರ್ಡೋ ಔಷಧಿ ಹೊಡೆಯುವ ಸಮಯ ಬಂತೆಂದರೆ ಹಾಸನದ ಮನೆಯಲ್ಲಿ ಮಲಗುವುದೇ ಕಮ್ಮಿ. ಬೇಲೂರು, ಮೂಡಿಗೆರೆ, ಸಕಲೇಶಪುರ, ಚಿಕ್ಕಮಗಳೂರು ಅಂತ ಸುತ್ತುತ್ತಾ ಒಂದೊಂದು ರಾತ್ರಿ ಒಂದೊಂದು ಲಾಡ್ಜ್.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಅಮೆರಿಕದ ಗಾಯಕ ಮೈಕ್ ಪ್ಯಾಟನ್ ಅವರ ‘ಅಡಲ್ಟ್ ಥೀಮ್ಸ್ ಫಾರ್ ವಾಯ್ಸ್’ ಆಲ್ಬಮ್ ಹುಟ್ಟಿದ್ದೂ ಹೋಟೆಲ್ ರೂಮುಗಳಲ್ಲೇ. ಹೆಸರು ನೋಡಿ ಬೇರೇನೋ ಅಂದುಕೊಳ್ಳಬೇಡಿ. ಹಾಗಂತ ಮಕ್ಕಳ ಮುಂದೆ ಹಾಕಲೂ ಬೇಡಿ.

ಡಿಪ್ಲೊಮಾ ಓದುವಾಗ ಹಾಸ್ಟೆಲಿನಲ್ಲಿ ಬೆಂಗಳೂರಿನ ಹುಡುಗನೊಬ್ಬ ‘ಫೇತ್ ನೋ ಮೋರ್’ ಅನ್ನೋ ರಾಕ್ ಬ್ಯಾಂಡಿನ ‘ದಿ ರಿಯಲ್ ಥಿಂಗ್’ ಕ್ಯಾಸೆಟ್ ತಂದಿದ್ದ. 1989ರದ್ದು. ಟೇಪು ಸವೆಯುವವರೆಗೆ ಕೇಳಿದ್ದೆವು. ಅದರಲ್ಲಿ ಹಾಡಿದವರೇ ಪ್ಯಾಟನ್. ಆ ಬ್ಯಾಂಡು 1995ರಲ್ಲಿ ‘ಕಿಂಗ್ ಫಾರ್ ಎ ಡೇ’ ಆಲ್ಬಮ್ ಹಿಡಿದು ಊರೂರು ತಿರುಗುತ್ತಿದ್ದಾಗ, ಇವರು ರೂಮಿನಲ್ಲಿ ಕೂತು ಒಂದು ಫೋರ್ ಟ್ರ್ಯಾಕ್ ರೆಕಾರ್ಡರಿಗೆ ಬಾಯಲ್ಲಿ ಬಂದ ಸದ್ದನ್ನೆಲ್ಲ ತುಂಬಿದರು. 1996ರಲ್ಲಿ ಸಂಗೀತಗಾರ ಜಾನ್ ಜೋರ್ನ್ ಅವರ ‘ಜಾಡಿಕ್’ ಅನ್ನೋ ರೆಕಾರ್ಡ್ ಕಂಪನಿ ಅದನ್ನು ಹೊರಗೆ ತಂದಿತು. ಒಟ್ಟು 34 ತುಣುಕು, ಮುಕ್ಕಾಲು ಗಂಟೆಗೆ ಸ್ವಲ್ಪ ಕಡಿಮೆ. ಗಿಟಾರ್ ಇಲ್ಲ, ಡ್ರಮ್ಸ್ ಇಲ್ಲ, ಸಾಹಿತ್ಯವೂ ಇಲ್ಲ. ಬರೀ ಗಂಟಲು, ನಾಲಿಗೆ, ಮೈಕು.

ಮೊದಲ ಸಲ ಮನೆಯಲ್ಲಿ ಸ್ಪೀಕರಿಗೆ ಹಾಕಿದೆ. ಎರಡು ನಿಮಿಷಕ್ಕೆ ಹೆಂಡತಿ ಅಡುಗೆಮನೆಯಿಂದ ಓಡಿ ಬಂದಳು. “ಏನ್ರೀ ಅದು, ಯಾರಿಗೋ ವಾಂತಿ ಆಗ್ತಿರೋ ಹಾಗಿದೆ!” ಆಫ್ ಮಾಡಿದೆ. ಸುಳ್ಳು ಹೇಳಬಾರದು, ನನಗೂ ಹಾಗೇ ಅನ್ನಿಸಿತ್ತು.

ಹೋದ ಜುಲೈನಲ್ಲಿ ಮೂಡಿಗೆರೆ. ಮೂರು ದಿನದಿಂದ ಜಡಿಮಳೆ, ಕರೆಂಟ್ ಇಲ್ಲ. ಒದ್ದೆ ಸಾಕ್ಸು ಕುರ್ಚಿ ಮೇಲೆ ಹರಡಿ, ರಗ್ಗು ಹೊದ್ದು ಹೆಡ್‌ಫೋನ್ ಹಾಕಿಕೊಂಡೆ. ಈ ಸಲ ಬೇರೆಯೇ ಕೇಳಿಸಿತು. ಉಸಿರು ಎಳೆದುಕೊಳ್ಳುವುದು, ತುಟಿ ಬಿಡಿಸುವುದು, ಗಂಟಲಾಳದ ಗೊರಗೊರ, ಎಲ್ಲ ಕಿವಿ ಪಕ್ಕದಲ್ಲೇ. ಒಬ್ಬ ಮನುಷ್ಯ ರಾತ್ರಿ ಒಂಟಿಯಾಗಿ, ಮಾತಾಡಲು ಯಾರೂ ಇಲ್ಲದೆ, ತನ್ನ ಬಾಯಿಯನ್ನೇ ಆಟದ ಸಾಮಾನು ಮಾಡಿಕೊಂಡ ಹಾಗೆ. ನಾವು ಲಾಡ್ಜಿನವರಿಗೆ ಇದು ಗೊತ್ತು. ನಾನೂ ಸ್ನಾನದ ಬಕೆಟ್ಟಿನೊಳಗೆ ಮುಖವಿಟ್ಟು ಕೂ ಹಾಕಿದವನೇ.

ಫೋರ್ ಟ್ರ್ಯಾಕ್ ಅಂದರೆ ದೊಡ್ಡ ಮಾಯವೇನಲ್ಲ. ಒಂದೇ ಟೇಪಿನ ಅಗಲದಲ್ಲಿ ನಾಲ್ಕು ಸಾಲು. ಮೊದಲ ಸಾಲಿಗೆ ಗೊಣಗು. ಅದನ್ನು ಕೇಳಿಕೊಳ್ಳುತ್ತಾ ಎರಡನೆಯದಕ್ಕೆ ಕಿರುಚು. ಹೀಗೆ ಒಂದೇ ಗಂಟಲು ನಾಲ್ಕು ಜನರ ಜಗಳವಾಗುತ್ತದೆ. ಕೆಲವು ಕಡೆ ನಮ್ಮ ಕಛೇರಿಗಳಲ್ಲಿ ಬಾಯಲ್ಲೇ ತಾಳದ ಸೊಲ್ಲು ಹೇಳುವ ಕೊನ್ನಕ್ಕೋಲ್ ನೆನಪಾಗುತ್ತದೆ, ಆದರೆ ಇಲ್ಲಿ ತಾಳದ ಲೆಕ್ಕ ಹುಡುಕಿದರೆ ತಲೆನೋವು ಗ್ಯಾರಂಟಿ.

ಎಲ್ಲವೂ ಚೆನ್ನಾಗಿದೆ ಅನ್ನಲಾರೆ. ಕೆಲವು ತುಣುಕು ಮೈಕ್ ಟೆಸ್ಟಿಂಗ್ ತರ ಇವೆ. ಹತ್ತನ್ನು ಕಿತ್ತು ಹಾಕಿದ್ದರೂ ನಷ್ಟವಿರಲಿಲ್ಲ. ಹೆಸರುಗಳು ಮಾತ್ರ ಮಜಾ. ಒಂದರ ಅರ್ಥ ‘ಬೇಗ ಕೊಂದುಬಿಡು, ಚಳಿಯಾಗ್ತಿದೆ’ ಅಂತ. ಆ ರಾತ್ರಿ ಮೂಡಿಗೆರೆಯಲ್ಲಿ ಅದನ್ನು ಓದಿ ಒಬ್ಬನೇ ನಕ್ಕೆ.

ಇದು ಪ್ಯಾಟನ್ ಅವರ ರಫ್ ಬುಕ್ ಅಂತ ನನ್ನ ಲೆಕ್ಕ. ಮುಂದೆ ಅವರದೇ ‘ಫ್ಯಾಂಟೊಮಾಸ್’ ಬ್ಯಾಂಡಿನ 1999ರ ಮೊದಲ ಆಲ್ಬಮ್ ಕೇಳಿ. ‘ಸ್ಲೇಯರ್’ ಮೆಟಲ್ ಬ್ಯಾಂಡ್ ಖ್ಯಾತಿಯ ಡೇವ್ ಲೊಂಬಾರ್ಡೊ ಅವರ ಡ್ರಮ್ಸಿನ ನಡುವೆ ಇದೇ ಬಾಯಿಸದ್ದುಗಳು ಬರುತ್ತವೆ, ಸರಿಯಾಗಿ ಕೂರುತ್ತವೆ. ಆದರೂ ನನಗೆ ಈ ರಫ್ ಬುಕ್ಕೇ ಜಾಸ್ತಿ ಇಷ್ಟ. ಗೀಚಿ ಹೊಡೆದು ಹಾಕಿದ್ದೂ ಕಾಣುತ್ತದಲ್ವಾ.

ಆ ರಾತ್ರಿ ಆಲ್ಬಮ್ ಮುಗಿದಾಗ ಹನ್ನೊಂದೂವರೆ. ಪ್ಲೈವುಡ್ ಗೋಡೆಯಾಚೆ ಯಾರೋ ಗೊರಕೆ ಹೊಡೆಯುತ್ತಿದ್ದರು. ನಾನೂ ಒಂದು ಕೈ ನೋಡೋಣ ಅನ್ನಿಸಿತು. ಫೋನ್ ರೆಕಾರ್ಡಿಗೆ ಹಾಕಿ, ರಗ್ಗಿನೊಳಗೆ ಕೂತು ಮೊದಲು ಗುಟುರು ಹಾಕಿದೆ. ಆಮೇಲೆ ತೋಟದಲ್ಲಿ ಕೋತಿ ಓಡಿಸುವ ‘ಹೋಯ್ ಹೋಯ್’. ಆಮೇಲೆ ಏನೋ, ಹೆಸರಿಲ್ಲದ್ದು. ಗೊರಕೆ ನಿಂತಿತು.

ಐದು ನಿಮಿಷಕ್ಕೆ ಬಾಗಿಲು ಬಡಿದ ಸದ್ದು. ರೂಮ್ ಬಾಯ್, ಕೈಯಲ್ಲಿ ಮೇಣದಬತ್ತಿ, ಇನ್ನೊಂದು ಕೈಯಲ್ಲಿ ಸ್ಟೀಲ್ ಲೋಟ.

“ಸಾರ್, ಹುಷಾರಿಲ್ವಾ? ಪಕ್ಕದ ರೂಮಿನವ್ರು ಎದ್ದು ಬಂದಿದ್ರು.”

“ಏನಿಲ್ಲಪ್ಪಾ, ಸ್ವಲ್ಪ ಗಂಟಲು...”

“ಗೊತ್ತಾಯ್ತು ಸಾರ್. ಬಿಸಿನೀರಿಗೆ ಉಪ್ಪು ಹಾಕ್ಕೊಂಡ್ ಬಂದಿದೀನಿ. ಮುಕ್ಕಳಿಸಿ.”

ಅವನು ಹೋಗಲಿಲ್ಲ, ಬಾಗಿಲಲ್ಲೇ ನಿಂತ. ಸರಿ ಅಂತ ಬಚ್ಚಲಿಗೆ ಹೋಗಿ, ತಲೆ ಹಿಂದಕ್ಕೆ ಹಾಕಿ ಗಳಗಳ ಅಂತ ಮುಕ್ಕಳಿಸಿದೆ. ಫೋನ್ ಇನ್ನೂ ರೆಕಾರ್ಡ್ ಆಗುತ್ತಲೇ ಇತ್ತು.