ಮೊಸರು, ಬಿಪಿ ಮತ್ತು ನನ್ನ ಒಣ ಕೆಮ್ಮು

ನನಗೆ ಬಿಪಿ ಇದೆ ಅಂತ ಗೊತ್ತಾಗಿ ಮೂರು ವರ್ಷ ಆಯಿತು. ಮೊದಲು ಕೊಟ್ಟ ಮಾತ್ರೆ ಬಿಪಿಯನ್ನೇನೋ ಇಳಿಸಿತು, ಆದರೆ ಜೊತೆಗೆ ಒಂದು ಒಣ ಕೆಮ್ಮು ಗಂಟುಬಿತ್ತು. ಕಫ ಇಲ್ಲ, ಜ್ವರ ಇಲ್ಲ. ರಾತ್ರಿ ಮಲಗಿದರೆ ಸಾಕು, ಗಂಟಲಲ್ಲಿ ಯಾರೋ ಗರಿ ಆಡಿಸಿದ ಹಾಗೆ. ಡಾಕ್ಟರು ಮಾತ್ರೆ ಬದಲಿಸಿದ ಮೇಲೆ ಹೋಯಿತು. ಆ ಕೆಮ್ಮು ಯಾಕೆ ಬಂತು ಅಂತ ಹುಡುಕುತ್ತಾ ಹೋದವನು ಬಂದು ನಿಂತಿದ್ದು ಮೊಸರಿನ ಮುಂದೆ.

ನಮ್ಮ ಮೈಯಲ್ಲಿ ಎಸಿಇ ಅಂತ ಒಂದು ಕಿಣ್ವ ಇದೆ. ಕತ್ತರಿ ಅಂದುಕೊಳ್ಳಿ. ಅದು ಆಂಜಿಯೋಟೆನ್ಸಿನ್ ಅನ್ನೋ ವಸ್ತುವನ್ನು ಕತ್ತರಿಸಿದಾಗ ರಕ್ತನಾಳ ಬಿಗಿಯಾಗುತ್ತದೆ, ಬಿಪಿ ಏರುತ್ತದೆ. ನನ್ನ ಮಾತ್ರೆ ಆ ಕತ್ತರಿಯನ್ನು ಹಿಡಿದು ನಿಲ್ಲಿಸುತ್ತಿತ್ತು. ತೊಂದರೆ ಏನಂದರೆ, ಬ್ರಾಡಿಕೈನಿನ್ ಅನ್ನೋ ಇನ್ನೊಂದನ್ನು ಚೂರು ಮಾಡಿ ಮುಗಿಸೋದೂ ಅದೇ ಕತ್ತರಿ. ಕತ್ತರಿ ನಿಂತರೆ ಇದು ಜಾಸ್ತಿಯಾಗಿ ಗಂಟಲು ಕೆರಳುತ್ತದೆ. ಅಂದ ಹಾಗೆ, ಈ ಜಾತಿಯ ಮಾತ್ರೆಗಳಲ್ಲಿ ಮೊದಲನೆಯದಾದ ಕ್ಯಾಪ್ಟೊಪ್ರಿಲ್ ಹುಟ್ಟಿದ್ದು ಬ್ರೆಜಿಲ್‌ನ ಒಂದು ಮಂಡಲ ಹಾವಿನ ವಿಷದ ಅಧ್ಯಯನದಿಂದ!

ಹಾಲು ಹುಳಿಯಾಗುವಾಗಲೂ ಹೀಗೇ ಒಂದು ಕೆಲಸ ನಡೆಯುತ್ತದೆ. ಬ್ಯಾಕ್ಟೀರಿಯಾಗಳು ಹಾಲಿನ ಕೇಸೀನ್ ಪ್ರೋಟೀನನ್ನು ಸಣ್ಣ ತುಂಡು ಮಾಡುತ್ತವೆ. ಅದರಲ್ಲೂ ಲ್ಯಾಕ್ಟೊಬ್ಯಾಸಿಲಸ್ ಹೆಲ್ವೆಟಿಕಸ್ ಮಾಡುವ, ಬರೀ ಮೂರು ಅಮೈನೋ ಆಮ್ಲದ (ಪ್ರೋಟೀನಿನ ಇಟ್ಟಿಗೆಗಳು ಅಂದುಕೊಳ್ಳಿ) ಎರಡು ತುಂಡುಗಳು ಅದೇ ಎಸಿಇ ಕತ್ತರಿಗೆ ಸಿಕ್ಕಿಕೊಂಡು ಅಡ್ಡಿ ಮಾಡುತ್ತವೆ. ಜಪಾನಿನವರು ಹುಳಿ ಹಾಲಿನಲ್ಲಿ ಇದನ್ನು 1990ರ ದಶಕದಲ್ಲೇ ತೋರಿಸಿದ್ದರು. ಹಾಗಾದರೆ ಮೊಸರು ತಿಂದರೂ ನನಗೆ ಕೆಮ್ಮು ಬರಬೇಕಲ್ವಾ? ಬರಲಿಲ್ಲ. ಮಾತ್ರೆಯ ಹಿಡಿತಕ್ಕೆ ಹೋಲಿಸಿದರೆ ಇವುಗಳ ಹಿಡಿತ ತುಂಬಾ ಸಡಿಲ.

ಎಷ್ಟು ಸಡಿಲ ಅಂತ ಅಂಕಿಗಳೇ ಹೇಳುತ್ತವೆ. ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದವರು 2014ರಲ್ಲಿ 9 ಪ್ರಯೋಗಗಳನ್ನು, 543 ಜನರ ಲೆಕ್ಕವನ್ನು ಒಟ್ಟು ಹಾಕಿ ನೋಡಿದರು. ಪ್ರೋಬಯಾಟಿಕ್, ಅಂದರೆ ಮೈಗೆ ಒಳ್ಳೇದು ಮಾಡೋ ಜೀವಂತ ಬ್ಯಾಕ್ಟೀರಿಯಾ ತಿಂದವರ ಮೇಲಿನ ಬಿಪಿ ಸರಾಸರಿ 3.56, ಕೆಳಗಿನದು 2.38 ಇಳಿದಿತ್ತು. ಎಂಟು ವಾರಕ್ಕಿಂತ ಕಡಿಮೆ ತಿಂದವರಿಗೆ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ದಿನಕ್ಕೆ 10,000 ಕೋಟಿ ಬ್ಯಾಕ್ಟೀರಿಯಾವಾದರೂ ಹೊಟ್ಟೆಗೆ ಹೋಗಬೇಕು. ಇನ್ನೊಂದು ಕಡೆ, ನೆದರ್ಲ್ಯಾಂಡ್ಸ್‌ನಲ್ಲಿ ಆ ಮೂರು ಅಮೈನೋ ಆಮ್ಲದ ತುಂಡುಗಳನ್ನೇ ಎಂಟು ವಾರ ಕೊಟ್ಟು ನೋಡಿದಾಗ ಏನೂ ಬದಲಾಗಲಿಲ್ಲ. ಅದಕ್ಕೇ "ಮೊಸರು ತಿನ್ನಿ, ಮಾತ್ರೆ ಬಿಡಿ" ಅನ್ನೋ ಮೆಸೇಜ್ ಬಂದರೆ ನನಗೆ ಮೈ ಉರಿಯುತ್ತದೆ.

ಆದರೂ ಸುಮ್ನೆ ಇರೋಕೆ ಆಗಲಿಲ್ಲ. ಮಾತ್ರೆ ಬಿಡದೆ, ಎಂಟು ವಾರ ದಿನಾ ಮಧ್ಯಾಹ್ನ ಒಂದು ಬಟ್ಟಲು ಮೊಸರು ತಿಂದೆ. ಬೆಳಗ್ಗೆ ಬಿಪಿ ನೋಡಿ ನೋಟ್‌ಬುಕ್‌ನಲ್ಲಿ ಬರೆದೆ. ಶುರುವಿನ ವಾರದ ಸರಾಸರಿ 136, ಕೊನೆಯ ವಾರದ್ದು 132. ಖುಷಿಯಾಯಿತು. ಆಮೇಲೆ ಪುಟ ತಿರುವಿದಾಗ ನೆನಪಾಯಿತು, ಮೊದಲ ವಾರ ನಾನು ಮೆಟ್ಟಿಲು ಹತ್ತಿ ಬಂದ ಹಾಗೇ ಪಟ್ಟಿ ಕಟ್ಟಿಕೊಳ್ಳುತ್ತಿದ್ದೆ. ಐದು ನಿಮಿಷ ಬೆನ್ನು ಆನಿಸಿ ಕೂತು, ತೋಳನ್ನು ಎದೆಯ ಮಟ್ಟಕ್ಕೆ ಇಟ್ಟು ನೋಡೋದನ್ನು ಕಲಿತದ್ದು ಮೂರನೇ ವಾರದಲ್ಲಿ. ಆ ನಾಲ್ಕು ಅಂಕ ಮೊಸರಿನದೋ, ಕುರ್ಚಿಯದೋ?

ಇನ್ನೊಂದು ಎಡವಟ್ಟು ಇದಕ್ಕಿಂತ ದೊಡ್ಡದು. 2017ರಲ್ಲಿ ಇಲಿಗಳಿಗೆ ಜಾಸ್ತಿ ಉಪ್ಪು ತಿನ್ನಿಸಿದಾಗ ಅವುಗಳ ಕರುಳಲ್ಲಿದ್ದ ಒಂದು ಬಗೆಯ ಲ್ಯಾಕ್ಟೊಬ್ಯಾಸಿಲಸ್ ಖಾಲಿಯಾಗಿ, ಬಿಪಿ ಏರಿತ್ತು. ಅದನ್ನು ಓದುವಾಗ ನನ್ನ ಕೈಯಲ್ಲಿ ಮೊಸರಿನ ಬಟ್ಟಲಿತ್ತು. ಅದರಲ್ಲಿ ಎಂದಿನಂತೆ ಅರ್ಧ ಚಮಚ ಉಪ್ಪು.

ಈಗ ನೋಟ್‌ಬುಕ್‌ನಲ್ಲಿ ಹೊಸ ಪುಟ ಶುರುವಾಗಿದೆ. ಮೇಲೆ "ಉಪ್ಪಿಲ್ಲದೆ" ಅಂತ ಬರೆದು ಎರಡು ಗೆರೆ ಎಳೆದಿದ್ದೇನೆ. ಮೊದಲ ದಿನ: 134/85. ಮೊಸರು ಸಪ್ಪೆ.