ರಜೆಯಲ್ಲಿ ಮಕ್ಕಳಿಗೆ ಥಿಯರಿ ಯಾಕೆ ಅಂತ ಕೇಳುವವರಿಗೆ

ಬೇಸಿಗೆ ರಜೆಯಲ್ಲಿ ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳಿಗೆ ಅಲ್ಗಾರಿದಮ್ (ಕಂಪ್ಯೂಟರಿಗೆ ಲೆಕ್ಕ ಬಿಡಿಸಲು ಹೇಳುವ ಹಂತ ಹಂತದ ವಿಧಾನ) ಹೇಳಿಕೊಡುತ್ತೇನೆ ಅಂದರೆ ಸಾಕು, ಮದುವೆ ಮನೆಯಾಗಲಿ ಬಸ್ಸಾಗಲಿ, ಅದೇ ಪ್ರಶ್ನೆ. "ಅದೆಲ್ಲ ಇಂಜಿನಿಯರಿಂಗ್‌ನಲ್ಲಿ ಬರುತ್ತಲ್ವಾ? ಈಗಲೇ ಥಿಯರಿ ಯಾಕೆ, ಒಂದು ಆ್ಯಪ್ ಮಾಡೋದು ಕಲಿಸಬಾರದಾ?"

ಥಿಯರಿ ಅಂದರೆ ಬಾಯಿಪಾಠ ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ತಪ್ಪು ನನ್ನದೂ ಇದೆ. ಮೊದಲ ವರ್ಷ ನಾನೂ ಬೋರ್ಡಿನ ತುಂಬಾ ಡೆಫಿನಿಷನ್ ಬರೆದೆ, ಊಟದ ಹೊತ್ತಿಗೆ ಅರ್ಧ ಕ್ಲಾಸು ತೂಕಡಿಸುತ್ತಿತ್ತು.

ಈಗ ಮೆಟ್ಟಿಲಿನಿಂದ ಶುರು ಮಾಡುತ್ತೇನೆ. ಒಂದು ಸಲಕ್ಕೆ ಒಂದು ಅಥವಾ ಎರಡು ಮೆಟ್ಟಿಲು ಹತ್ತಬಹುದು. 5 ಮೆಟ್ಟಿಲು ಹತ್ತಲು ಎಷ್ಟು ದಾರಿ? ಎಲ್ಲರೂ ಬೆರಳು ಮಡಚಿ 8 ಅನ್ನುತ್ತಾರೆ. 10 ಮೆಟ್ಟಿಲಿಗೆ 89, ಅಲ್ಲಿಗೆ ಬೆರಳು ಸಾಲುವುದಿಲ್ಲ. ಆಗ ಯಾರಾದರೂ ಒಬ್ಬರಿಗೆ ಹೊಳೆಯುತ್ತದೆ: ಕೊನೆಯ ಹೆಜ್ಜೆ ಒಂದೋ ಎರಡೋ ತಾನೇ, ಹಾಗಾದರೆ ಹಿಂದಿನ ಎರಡು ಉತ್ತರ ಕೂಡಿದರೆ ಮುಗಿಯಿತು. ಸರಿ, 40 ಮೆಟ್ಟಿಲಿಗೆ? ಉತ್ತರ 16,55,80,141. ಪ್ರತಿ ಸಲ ಹಿಂದಿನದನ್ನು ಮೊದಲಿಂದ ಲೆಕ್ಕ ಹಾಕುತ್ತಾ ಹೋದರೆ 16 ಕೋಟಿಗೂ ಜಾಸ್ತಿ ಸಲ ಕೂಡಬೇಕು. ಒಮ್ಮೆ ಸಿಕ್ಕಿದ್ದನ್ನು ಬರೆದಿಟ್ಟುಕೊಂಡರೆ ಬರೀ 39 ಸಲ. ದೊಡ್ಡವರು ಇದಕ್ಕೆ ಡೈನಾಮಿಕ್ ಪ್ರೋಗ್ರಾಮಿಂಗ್ ಅಂತ ಹೆದರಿಸುವ ಹೆಸರು ಇಟ್ಟಿದ್ದಾರೆ. ಬೇಕಾದ ಗಣಿತ ಕೂಡುವುದು ಮಾತ್ರ.

ಇದು ನನ್ನೊಬ್ಬಳ ಹುಚ್ಚಲ್ಲ. ಅಮೆರಿಕದ ಅಲ್ಗಾರಿದಮ್ ಸಂಶೋಧಕ ಜೆಲಾನಿ ನೆಲ್ಸನ್ 2011ರಲ್ಲಿ, ಆಗಷ್ಟೇ ಪಿಎಚ್‌ಡಿ ಮುಗಿಸಿ, ತನ್ನ ತಾಯಿಯ ದೇಶ ಇಥಿಯೋಪಿಯಾದಲ್ಲಿ ಅಡಿಸ್‌ಕೋಡರ್ ಅನ್ನುವ ಕೋಡಿಂಗ್ ಶಿಬಿರ ಶುರು ಮಾಡಿದರು. ಹೈಸ್ಕೂಲ್ ಮಕ್ಕಳಿಗೆ ನಾಲ್ಕು ವಾರ, ಫೀಸಿಲ್ಲ. ಕೋಡ್ ಬರೆದೇ ಇರದ ಮಕ್ಕಳು ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆಯಿಂದ ಶುರು ಮಾಡಿ, ರಿಕರ್ಷನ್ (ಒಂದು ಲೆಕ್ಕವನ್ನು ಅದರದೇ ಚಿಕ್ಕ ರೂಪದಿಂದ ಬಿಡಿಸುವುದು) ದಾಟಿ, ತಿಂಗಳೊಳಗೆ ಇದೇ ಡೈನಾಮಿಕ್ ಪ್ರೋಗ್ರಾಮಿಂಗ್ ತನಕ ಬರುತ್ತಾರೆ. 2022ರಲ್ಲಿ ಜಮೈಕಾದಲ್ಲೂ ಅದೇ ಮಾದರಿಯ ಜಾಮ್‌ಕೋಡರ್ಸ್ ಶುರುವಾಯಿತು.

ಆ್ಯಪ್ ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಆ್ಯಪ್ ಕಲಿಸುವ ವಿಡಿಯೋ ಮೊಬೈಲಿನಲ್ಲೇ ಬೇಕಾದಷ್ಟಿವೆ, ಮಕ್ಕಳು ಅದನ್ನು ನನಗಿಂತ ಬೇಗ ಹುಡುಕುತ್ತಾರೆ. ಕೋಡ್ ಓಡಿತು, ಸರಿ, ಇದಕ್ಕಿಂತ ಕಡಿಮೆ ಕೆಲಸದಲ್ಲಿ ಆಗಲ್ವಾ ಅಂತ ಪಕ್ಕದಲ್ಲಿ ಕೂತು ಕೆಣಕುವವರು ಮಾತ್ರ ಸಿಗುವುದಿಲ್ಲ. ಅದೂ ಎರಡೇ ಕಂಪ್ಯೂಟರ್ ಇರುವ ಕೋಣೆಯಲ್ಲಿ ಇಪ್ಪತ್ತು ಮಕ್ಕಳಿದ್ದರೆ ಚಾಕ್‌ಪೀಸೇ ಗತಿ.

ಹೋದ ಮೇ ತಿಂಗಳಲ್ಲಿ ನಾನು ಬೋರ್ಡಿನ ಮೇಲೆ ಕಷ್ಟಪಟ್ಟು ಅದೇ ಮೆಟ್ಟಿಲಿನ ಲೆಕ್ಕಕ್ಕೆ 40 ಚೌಕ ಬರೆದು, ಒಂದೊಂದರಲ್ಲೂ ಉತ್ತರ ತುಂಬುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮಿಸ್, ಕೊನೆಯ ಎರಡು ಮಾತ್ರ ಬೇಕಲ್ವಾ? ಉಳಿದಿದ್ದು ಒರೆಸಿಬಿಡಲಾ?" ಅಂದಳು. ನಾನು ಬಾಯಿ ಬಿಡುವಷ್ಟರಲ್ಲಿ ಡಸ್ಟರ್ ಅವಳ ಕೈಯಲ್ಲಿತ್ತು.