ಅಚ್ಚಿನ ಪೆಟ್ಟಿಗೆ, ಮೂರನೇ ಸುತ್ತು: 24 ಮಕ್ಕಳಿಗೆ 6 ರೋಲರ್

ಫೋಮಿನ ಮೇಲೆ ಚಿತ್ರ ಗೀರಿ, ರೋಲರಿನಿಂದ ಮಸಿ ಹಚ್ಚಿ, ಕಾಗದಕ್ಕೆ ಒತ್ತಿ ಪ್ರತಿ ತೆಗೆಯುವ ಸಾಮಾನು ತುಂಬಿದ, ತರಗತಿಯಿಂದ ತರಗತಿಗೆ ಸುತ್ತುವ ಅಚ್ಚುಚಿತ್ರದ ಪೆಟ್ಟಿಗೆಯ ಕೆಲಸ ಮೂರನೇ ಸುತ್ತಿಗೆ ಬಂದಿದೆ. ಲೆಕ್ಕ ಹಿಡಿದಿರುವುದು ಹಿಂದಿನಂತೆಯೇ: 24 ಮಕ್ಕಳು, 45 ನಿಮಿಷದ ಪೀರಿಯಡ್, ಚಿತ್ರಕಲೆಗೆಂದೇ ಶಿಕ್ಷಕರಿಲ್ಲದ ಶಾಲೆ, ನಲ್ಲಿ ಇದ್ದರೆ ಇದ್ದೀತು ಎನ್ನುವಂಥ ಕೋಣೆ. ಈ ಸಲ ರೋಲರ್ ಸಂಖ್ಯೆ, ಮಸಿ, ಕಣ್ಣು ಕಾಣದ ಮಕ್ಕಳಿಗಾಗಿ ಉಬ್ಬಚ್ಚು, ಮುಗಿದ ಸಾಮಾನು ತುಂಬಿಸುವ ಕ್ರಮ, ಈ ನಾಲ್ಕೂ ಬದಲಾಗಿವೆ.

ರೋಲರ್ ಎಷ್ಟು ಬೇಕು

ಮೊದಲ ಪಟ್ಟಿಯಲ್ಲಿ ಇದ್ದದ್ದು 2. ಹಂಚಲು 5 ನಿಮಿಷ, ತೋರಿಸಲು 5, ತೊಳೆದು ಎತ್ತಿಡಲು 8 ಕಳೆದರೆ ಕೈಗೆ ಉಳಿಯುವುದು 27 ನಿಮಿಷ. ಎರಡು ರೋಲರನ್ನು 24 ಮಕ್ಕಳಿಗೆ ಹಂಚಿದರೆ ತಲೆಗೆ ಎರಡೂಕಾಲು ನಿಮಿಷ. ಅದೂ ಎಲ್ಲರೂ ಸಾಲು ತಪ್ಪದೆ ನಿಂತರೆ. ಸಾಲು ಇದ್ದಲ್ಲಿ ನುಗ್ಗುವವರಿಗೆ ನಾಲ್ಕು ಸಲ ಸಿಗುತ್ತದೆ, ಹಿಂದೆ ನಿಲ್ಲುವವರಿಗೆ ಒಂದೂ ಸಿಗುವುದಿಲ್ಲ. ಹಾಜರಿ ಪುಸ್ತಕದಲ್ಲಿ ಮಾತ್ರ ಇಬ್ಬರೂ ಕಲಾ ತರಗತಿಗೆ ಬಂದವರೇ. 6 ರೋಲರ್ ಆದರೆ ತಲೆಗೆ ಆರೂಮುಕ್ಕಾಲು ನಿಮಿಷ ಬರುತ್ತದೆ. ಮೂರು ಪ್ರತಿ ತೆಗೆಯಲು ಅದು ಸಾಕು. ಹಾಗಾಗಿ ಈಗ ನಾಲ್ವರಿಗೊಂದು ಮೇಜು, ಮೇಜಿಗೊಂದು ರೋಲರ್. ನಾಲ್ವರಲ್ಲಿ ಒಬ್ಬರು ಮಸಿ ಹಚ್ಚುವಾಗ ಇನ್ನೊಬ್ಬರು ಕಾಗದ ಇಡುವುದು, ಮೂರನೆಯವರು ಚಮಚದ ಬೆನ್ನಿನಿಂದ ಉಜ್ಜುವುದು, ನಾಲ್ಕನೆಯವರು ಅಚ್ಚು ಗೀರುವುದು. ಮಸಿಯ ಕೈ ಕಾಗದ ಮುಟ್ಟಬಾರದು ಎಂಬ ಒಂದೇ ನಿಯಮ ಪಾಲಿಸಿದರೆ ಬೆರಳಚ್ಚಿನಿಂದ ಹಾಳಾಗುವ ಹಾಳೆಗಳು ಬಹಳ ಕಡಿಮೆ.

ಅಚ್ಚು ಮತ್ತು ಕಾಗದ

ಅಚ್ಚಿಗೆ 10×14 ಸೆಂ.ಮೀ. ಫೋಮ್ ತುಂಡು. ಗೀರಲು ಮಸಿ ಮುಗಿದ ಬಾಲ್‌ಪೆನ್. ಚೂಪು ಪೆನ್ಸಿಲ್ ಬೇಡ, ಅದು ಫೋಮನ್ನು ಒತ್ತುವ ಬದಲು ಹರಿಯುತ್ತದೆ. ಹರಿದ ಅಂಚಿನಲ್ಲಿ ಮಸಿ ನಿಂತು ಗೆರೆ ಕದಡುತ್ತದೆ. ಗೀರು ಫೋಮಿನ ಅರ್ಧ ದಪ್ಪಕ್ಕಾದರೂ ಇಳಿಯಬೇಕು. ಮೇಲೆಮೇಲೆ ಗೀರಿದ್ದು ಮೊದಲ ಪ್ರತಿಯಲ್ಲಿ ಕಂಡರೂ ಎರಡನೆಯದರ ಹೊತ್ತಿಗೆ ಮಸಿ ತುಂಬಿ ಮುಚ್ಚಿಹೋಗುತ್ತದೆ. ಅಕ್ಷರ ತಿರುವುಮುರುವಾಗಿ ಬೀಳುವುದನ್ನು ಮಾತ್ರ ಮೊದಲೇ ಹೇಳುವುದಿಲ್ಲ. ತಮ್ಮ ಹೆಸರು ಕನ್ನಡಿಯಲ್ಲಿ ಕಂಡಂತೆ ಬಿದ್ದಾಗ ಮಕ್ಕಳಿಗೆ ಅದು ತಾನಾಗಿಯೇ ತಿಳಿಯುತ್ತದೆ.

ಕಾಗದ 120 ಜಿಎಸ್‌ಎಂ (ಚದರ ಮೀಟರಿಗೆ 120 ಗ್ರಾಂ ತೂಗುವಂಥದ್ದು), ಎ4 ಹಾಳೆಯನ್ನು ಎರಡಾಗಿ ಕತ್ತರಿಸಿ ಎ5. ತಲೆಗೆ 4 ತುಂಡು ಎಂದರೆ 96, ಅಂದರೆ 48 ಪೂರ್ಣ ಹಾಳೆ, ತೂಕ 360 ಗ್ರಾಂ. ಪ್ರತಿಗಳಿಗೆ ಮೂರು, ಹಾಳಾದರೆ ಎಂದು ಒಂದು. 80 ಜಿಎಸ್‌ಎಂ ಹಾಳೆ ನೀರಿನ ಮಸಿಗೆ ಸುಕ್ಕಾಗುತ್ತದೆ. 200ರ ಹತ್ತಿರ ಹೋದರೆ ಚಿಕ್ಕ ಕೈಗಳ ಉಜ್ಜುವಿಕೆ ಸಾಲದೆ ನಡುನಡುವೆ ಬಿಳಿ ಉಳಿಯುತ್ತದೆ.

ಒಣಗಿಸುವ ಜಾಗ ಎಲ್ಲರೂ ಮರೆಯುವ ವಿಷಯ. 72 ಪ್ರತಿಗಳನ್ನು ಮೇಜಿನ ಮೇಲೆ ಹರಡಿದರೆ ಮುಂದಿನ ಪೀರಿಯಡ್‌ಗೆ ಮೇಜೇ ಇರುವುದಿಲ್ಲ. ಪೆಟ್ಟಿಗೆಯಲ್ಲಿ 12 ಮೀಟರ್ ಹಗ್ಗ, 80 ಕ್ಲಿಪ್. ಪಕ್ಕಪಕ್ಕದ ಹಾಳೆಗಳಿಗೆ ನಡುವೆ ಒಂದೇ ಕ್ಲಿಪ್ ಸಾಕು.

ಮಸಿ

ಅಂಗಡಿಯ ಅಚ್ಚುಮಸಿ ಚೆನ್ನಾಗಿರುತ್ತದೆ, ಆದರೆ ಅದು ಮುಗಿದ ದಿನವೇ ಪೆಟ್ಟಿಗೆಯ ಕೆಲಸವೂ ಮುಗಿಯುತ್ತದೆ. ಹಾಗಾಗಿ ಪೋಸ್ಟರ್ ಬಣ್ಣದಿಂದ ಮಾಡಿಕೊಳ್ಳುವ ವಿಧಾನ: 200 ಮಿ.ಲೀ. ನೀರಿಗೆ 20 ಗ್ರಾಂ ಕಾರ್ನ್‌ಫ್ಲೋರ್. ತಣ್ಣೀರಿನಲ್ಲೇ ಗಂಟಿಲ್ಲದಂತೆ ಕಲಸಿ, ಕೈಬಿಡದೆ ತಿರುವುತ್ತಾ ಕುದಿಸಿದರೆ ಅರೆಪಾರದರ್ಶಕ ಗಂಜಿಯಾಗುತ್ತದೆ. ಪೂರ್ತಿ ಆರಿದ ಮೇಲೆ 100 ಮಿ.ಲೀ. ಬಣ್ಣಕ್ಕೆ ಈ ಗಂಜಿ 50 ಮಿ.ಲೀ., ಗ್ಲಿಸರಿನ್ 5 ಮಿ.ಲೀ., ಪಾತ್ರೆ ತೊಳೆಯುವ ದ್ರವ ಸೋಪು 3 ಹನಿ. ಗಂಜಿ ಮಸಿಗೆ ಮೈ ಕೊಡುತ್ತದೆ. ಗ್ಲಿಸರಿನ್ ಅದನ್ನು ತಟ್ಟೆಯಲ್ಲೇ ಒಣಗದಂತೆ ಹಿಡಿದಿಡುತ್ತದೆ. ಸೋಪು ಇಲ್ಲದಿದ್ದರೆ ಫೋಮಿನ ಮೇಲೆ ಮಸಿ ಕೆಸುವಿನೆಲೆಯ ನೀರಿನಂತೆ ಹನಿಹನಿಯಾಗಿ ಸರಿಯುತ್ತದೆ.

ಕೈಕೊಡುವುದು ಮೂರು ಕಡೆ. ಗ್ಲಿಸರಿನ್ ಹೆಚ್ಚಾದರೆ ಪ್ರತಿಗಳು ಮರುದಿನವೂ ಅಂಟಂಟಾಗಿದ್ದು, ಒಂದರ ಮೇಲೊಂದಿಟ್ಟರೆ ಕಚ್ಚಿಕೊಳ್ಳುತ್ತವೆ. ಗಂಜಿ ಬಿಸಿಯಿರುವಾಗಲೇ ಬೆರೆಸಿದರೆ ಹದ ತಿಳಿಯುವುದಿಲ್ಲ, ಆರಿದ ಮೇಲೆ ಗಟ್ಟಿಯಾಗುತ್ತದೆ. ಬೆರೆಸಿಟ್ಟ ಮಸಿ ಸೆಕೆಯಲ್ಲಿ ಎರಡು ಮೂರು ದಿನಕ್ಕೇ ಹುಳಿನಾತ ಹೊಡೆಯುತ್ತದೆ. ಆದ್ದರಿಂದ ಪೆಟ್ಟಿಗೆಯಲ್ಲಿ ಗಂಜಿಗೆಂದು ಹೋಗುವುದು ಕಾರ್ನ್‌ಫ್ಲೋರಿನ ಒಣ ಪುಡಿ ಮಾತ್ರ, ಒಂದು ತರಗತಿಗೆ ಒಂದು ಪೊಟ್ಟಣ. ಹದ ನೋಡಲು ಕಣ್ಣಿಗಿಂತ ಕಿವಿ ವಾಸಿ: ರೋಲರ್ ಉರುಳಿಸಿದಾಗ ಸಣ್ಣಗೆ ಚರಚರ ಎಂದರೆ ಸರಿ, ಪಚಪಚ ಎಂದರೆ ಮಸಿ ಹೆಚ್ಚು.

ಅಕ್ರಿಲಿಕ್ ಏಕಿಲ್ಲ ಎಂದು ಕೇಳುವವರಿಗೆ: ಅದು ಒಣಗಿದರೆ ಬಟ್ಟೆಯಿಂದ ಹೋಗುವುದಿಲ್ಲ. ಇರುವುದೊಂದೇ ಸಮವಸ್ತ್ರವಾದರೆ ಆ ಮಗು ರೋಲರ್ ಮುಟ್ಟುವುದೇ ಇಲ್ಲ, ಮುಟ್ಟದ್ದಕ್ಕೆ ಕಾರಣವನ್ನೂ ಹೇಳುವುದಿಲ್ಲ. ಹಳೆಯ ದೊಡ್ಡ ಶರ್ಟುಗಳು 24, ಗುಂಡಿ ಬೆನ್ನಿಗೆ ಬರುವಂತೆ ಹಿಂದುಮುಂದಾಗಿ ತೊಡಲು. ಎಲ್ಲರಿಗೂ ಕಡ್ಡಾಯ, ಬೇಕಾದವರಿಗೆ ಮಾತ್ರ ಎಂದರೆ ಕೇಳಲು ನಾಚುತ್ತಾರೆ.

ಬೆರಳಿಗೆ ಕಾಣುವ ಅಚ್ಚು

ಈ ಸುತ್ತಿನ ಹೆಚ್ಚಿನ ಹೊತ್ತು ಹಿಡಿದದ್ದು ಇದೇ. ಕಣ್ಣು ಕಾಣದ ಮಗುವಿಗೆ ಗೀರಿದ ಅಚ್ಚು ತಕ್ಕಮಟ್ಟಿಗೆ ತಿಳಿಯುತ್ತದೆ, ಮಸಿಯ ಪ್ರತಿ ಏನೇನೂ ತಿಳಿಯದು. ತನ್ನ ಕೆಲಸದ ಫಲವನ್ನು ಬೇರೆಯವರ ಬಾಯಿಂದ ಕೇಳಬೇಕಾಗುತ್ತದೆ. ಅದಕ್ಕೆ ಮಸಿಯಿಲ್ಲದ ಉಬ್ಬಚ್ಚು. ದಪ್ಪ ರಟ್ಟಿನ ಮೇಲೆ 1 ಮಿ.ಮೀ. ರಟ್ಟಿನ ಆಕಾರಗಳನ್ನು ಕತ್ತರಿಸಿ ಅಂಟಿಸಿ, ಅಂಟು ಒಣಗಿದ ಮೇಲೆ ನೀರಿಳಿಯದಂತೆ ವಾರ್ನಿಷ್ ಒಂದು ಪದರ ಬಳಿಯಬೇಕು. ಹತ್ತಿ ನಾರಿನ 300 ಜಿಎಸ್‌ಎಂ ಕಾಗದವನ್ನು 10 ನಿಮಿಷ ನೆನೆಸಿ, ಬಟ್ಟೆಯ ನಡುವೆ ಒತ್ತಿ, ಮೇಲ್ಮೈಯ ಹೊಳಪು ಹೋದ ಮೇಲೆ ಅಚ್ಚಿನ ಮೇಲಿಟ್ಟು ಬೆರಳಿನಿಂದ ಅಂಚು ಅಂಚನ್ನೂ ತೀಡುವುದು. ಒಣಗುವ ತನಕ ಬಿಡಿಸಕೂಡದು. 2 ಮಿ.ಮೀ. ಆಕಾರ ಹಾಕಿ ನೋಡಿದ್ದಾಯಿತು: ಏರು ಕಡಿದಾಗಿ ಮೂಲೆಗಳಲ್ಲಿ ಕಾಗದ ಹರಿಯುತ್ತದೆ. ಮರದ ತಿರುಳಿನ ಅಗ್ಗದ ಕಾಗದ 1 ಮಿ.ಮೀ.ಗೂ ಹರಿಯುತ್ತದೆ. ತೋರಿಸಲು ಎಂದು ಒಂದನ್ನಿಟ್ಟರೆ ಸಾಲದು. ತಲೆಗೊಂದರಂತೆ 24 ತುಂಡು. ಎಲ್ಲರೂ ಅದನ್ನೇ ಮಾಡಿದರೆ ಅದು ತರಗತಿಯ ಪಾಠ, ಒಬ್ಬರೇ ಮಾಡಿದರೆ ಮೂಲೆಯ ಕೆಲಸ.

ಗೆರೆ ಎಳೆದು ನೋಡಲು ಸೊಳ್ಳೆ ಜಾಲರಿ ಬಿಗಿದ ಹಲಗೆ 4 ಇವೆ. ಮೇಲೆ ಕಾಗದವಿಟ್ಟು ಮೇಣದ ಬಣ್ಣದ ಕಡ್ಡಿಯಿಂದ ಒತ್ತಿ ಬರೆದರೆ ಗೆರೆ ತರಿತರಿಯಾಗಿ ಬೆರಳಿಗೆ ಸಿಗುತ್ತದೆ. ಎಳೆದ ಕೂಡಲೇ ಸಿಗುವುದೇ ಇದರ ಗುಣ.

ಉಳಿದವು ಸಣ್ಣ ಬದಲಾವಣೆಗಳು. ಕತ್ತರಿ 12ರಲ್ಲಿ 3 ಎಡಗೈಯವು, ಹಿಡಿಗೆ ಕೆಂಪು ಟೇಪು. ಬಲಗೈ ಕತ್ತರಿಯನ್ನು ಎಡಗೈಯಲ್ಲಿ ಹಿಡಿದರೆ ಅಲಗುಗಳು ಒಂದರಿಂದೊಂದು ದೂರವಾಗಿ ರಟ್ಟು ಮಡಚಿಕೊಳ್ಳುತ್ತದೆ. ಬಣ್ಣದ ಡಬ್ಬಿಗಳ ಮೇಲೆ ಹೆಸರು ದಪ್ಪ ಅಕ್ಷರದಲ್ಲಿ, ಕೆಂಪು ಹಸಿರು ಬೇರೆಯಾಗಿ ಕಾಣದವರಿಗೆ. ಒಂದೇ ಕೈ ಬಳಸುವವರಿಗೆ ಅಡಿಯಲ್ಲಿ ಜಾರದ ರಬ್ಬರ್ ಜಾಲ, ಕಾಗದಕ್ಕೆ ಬೈಂಡರ್ ಕ್ಲಿಪ್. ತೋರಿಸುವವರಿಗೆ ಸೂಚನೆ: ಮೊದಲು ಹೇಳಿ, ಆಮೇಲೆ ಮಾಡಿ. ಕಿವಿ ಕೇಳದ ಮಗು ನಿಮ್ಮ ತುಟಿ, ಕೈ ಎರಡನ್ನೂ ಒಟ್ಟಿಗೆ ನೋಡಲಾರದು.

ಬೀಗ ಮತ್ತು ಮರುಭರ್ತಿ

ಪೆಟ್ಟಿಗೆ ಸೋಲುವುದು ಹೆಚ್ಚಾಗಿ ಬೀರುವಿನಲ್ಲಿ. ಸಾಮಾನು ಹಾಳಾದರೆ ಯಾರು ಉತ್ತರ ಕೊಡಬೇಕು ಎಂಬ ಅಂಜಿಕೆಗೆ ಬೀಗ ಬೀಳುತ್ತದೆ. ಅದಕ್ಕೆ ಒಳಗಿನ ಸಾಮಾನನ್ನು ಎರಡಾಗಿ ವಿಂಗಡಿಸಿದೆ. ಮರಳಿ ಎಣಿಸುವ ಉಪಕರಣಗಳ ಆಕಾರವನ್ನು ಮುಚ್ಚಳದ ಒಳಮೈಯಲ್ಲೇ ಬಿಡಿಸಿದೆ, ಯಾವುದು ಬಂದಿಲ್ಲ ಎಂದು ಖಾಲಿ ಜಾಗವೇ ಹೇಳುತ್ತದೆ. ಕಾಗದ, ಫೋಮ್, ಪುಡಿ ಇರುವ ಚೀಲಕ್ಕೆ "ಇದು ಮುಗಿಯಲಿ" ಎಂಬ ಚೀಟಿ.

ಹಿಂದೆ ಮರುಭರ್ತಿಗೆ ಅರ್ಜಿ ಬರೆಯಬೇಕಿತ್ತು. ಅರ್ಜಿ ಬರೆಯಲು ಪುರುಸೊತ್ತು, ಇಂಟರ್ನೆಟ್, ಕೇಳುವ ಧೈರ್ಯ ಮೂರೂ ಇರುವ ಕಡೆಗೇ ಸಾಮಾನು ಹೋಗುವುದು ಆ ಪದ್ಧತಿಯ ಗುಣ. ಈಗ ಕೇಳದಿದ್ದರೂ ಹೋಗುತ್ತದೆ. ಬೇಡವಾದರೆ ಬೇಡ ಎನ್ನಬೇಕು. ಶಾಲೆಯ ಹೊತ್ತು ಮುಗಿದ ಮೇಲೆ ನಡೆಸುವ ತರಗತಿಯನ್ನೂ ಕೈಬಿಟ್ಟಿದೆ. ತಮ್ಮತಂಗಿಯರನ್ನು ನೋಡಿಕೊಳ್ಳಬೇಕಾದವರು, ಕೊನೆಯ ಬಸ್ಸು ಹಿಡಿಯಬೇಕಾದವರು ಅದಕ್ಕೆ ನಿಲ್ಲಲಾರರು. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಕಲೆಯಲ್ಲಿ ಪಾಲ್ಗೊಳ್ಳುವ ಹಕ್ಕನ್ನು ಆಟ, ವಿರಾಮಗಳ ಜೊತೆಗೇ ಹೇಳುತ್ತದೆ. ವೇಳಾಪಟ್ಟಿ ಹಾಕುವವರು ಒಂದನ್ನು ಕೊಟ್ಟು ಇನ್ನೊಂದನ್ನು ಕಿತ್ತುಕೊಳ್ಳದೆ ಪೀರಿಯಡ್ ಹುಡುಕಬೇಕು.

ಬಾಕಿ

ರೋಲರ್‌ಗಳನ್ನು ಮುಖ ಕೆಳಗಾಗಿ ಇಟ್ಟು ತಿಂಗಳು ಬಿಟ್ಟರೆ ರಬ್ಬರ್ ಒಂದು ಬದಿಗೆ ಚಪ್ಪಟೆಯಾಗಿ, ಪ್ರತಿ ಸುತ್ತಿಗೂ ಒಂದು ಬಿಳಿ ಪಟ್ಟಿ ಬೀಳುತ್ತದೆ. ಮುಚ್ಚಳಕ್ಕೆ 6 ಕೊಕ್ಕೆ ಹಾಕಿ ನೇತುಹಾಕಬೇಕು, ಅದಕ್ಕೆ ಮುಚ್ಚಳ 4 ಸೆಂ.ಮೀ. ಎತ್ತರವಾಗಬೇಕು. ನಲ್ಲಿಯಿಲ್ಲದ ಕಡೆ ತೊಳೆಯಲು ಎರಡು ಬಕೆಟ್ ಕ್ರಮ ಬರೆದಾಗಿದೆ: ಮೊದಲು ರದ್ದಿ ಕಾಗದದ ಮೇಲೆ ಉರುಳಿಸಿ ಮಸಿ ತೆಗೆಯುವುದು, ಆಮೇಲೆ ಕೊಳೆಯ ಬಕೆಟ್, ಕೊನೆಗೆ ತಿಳಿಯ ಬಕೆಟ್. ಅದರ ಚಿತ್ರಕಾರ್ಡ್ ಇನ್ನೂ ಬಿಡಿಸಬೇಕಿದೆ.